ಯಾರ್ಕ್‌ನ ದಿಬ್ಬ, ಮೂರು ಬೀಗದ ಪೆಟ್ಟಿಗೆ

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ. ಊರಿಂದ ಬಂದ ಅಪ್ಪ ಅಮ್ಮನನ್ನು ಯಾರ್ಕ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಅಲ್ಲಿ ಕ್ಲಿಫರ್ಡ್ಸ್ ಟವರ್ ಎಂಬ ಗೋಪುರದ ಬುಡದಲ್ಲಿ ಒಂದು ಫಲಕ ಇದೆ. 1190ರಲ್ಲಿ ಯಹೂದಿಗಳು ಇಲ್ಲಿ ಸತ್ತರು ಎಂದು ಅದರಲ್ಲಿದೆ. ಜೊತೆಗಿದ್ದ ಒಬ್ಬರು "ವಿಪರೀತ ಬಡ್ಡಿ ತಗೋತಿದ್ರು, ಜನ ರೊಚ್ಚಿಗೆದ್ದರು, ಕೊನೆಗೆ ದೇಶದಿಂದಲೇ ಓಡಿಸಿದರು" ಅಂದರು. ಅಪ್ಪ "ನಮ್ಮ ಮೀಟರ್ ಬಡ್ಡಿಯವರ ಥರಾನಾ?" ಎಂದು ಕೇಳಿದರು. ನಾನೂ ಹೂಂ ಅಂದುಬಿಟ್ಟೆ. ಆಮೇಲೆ ಯಾಕೋ ಸರಿ ಅನ್ನಿಸಲಿಲ್ಲ. ನಿಜಕ್ಕೂ ಬಡ್ಡಿಯೇ ಕಾರಣವಾ? ಅವರೇ ಯಾಕೆ ಆ ಕಸುಬಿಗೆ ಇಳಿದರು? ಅವರು ಹೋದ ಮೇಲೆ ಸಾಲ ಯಾರು ಕೊಡುತ್ತಿದ್ದರು?

ಉತ್ತರ: ನಿಮ್ಮ ಅಪ್ಪ ಕೇಳಿದ್ದು ಒಳ್ಳೇ ಪ್ರಶ್ನೆ. ಮೀಟರ್ ಬಡ್ಡಿ ವಸೂಲಿಗೆ ಬೈಕಿನಲ್ಲಿ ಬಂದು ಬಾಗಿಲು ಬಡಿಯುವವನನ್ನು ಊರೆಲ್ಲ ಬೈಯುತ್ತದೆ. ಅವನ ಹಿಂದೆ ಮಹಡಿ ಮನೆಯಲ್ಲಿ ಕೂತವನು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಗ್ಲೆಂಡಿನ ಕಥೆಯಲ್ಲಿ ಹಾಗೆ ಹಿಂದೆ ಕೂತಿದ್ದವನು ರಾಜ. ಇದೊಂದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. 1190ರಲ್ಲಿ ಆದದ್ದೂ ಅರ್ಥವಾಗುತ್ತದೆ, ನೂರು ವರ್ಷ ಬಿಟ್ಟು 1290ರಲ್ಲಿ ಅವರನ್ನು ದೇಶದಿಂದ ಓಡಿಸಿದ್ದೂ ಅರ್ಥವಾಗುತ್ತದೆ.

ಮೊದಲು ಒಂದು ಸಣ್ಣ ತಿದ್ದುಪಡಿ. ನೀವು ನೋಡಿದ್ದು ಕಲ್ಲಿನ ಗೋಪುರ, ಅಲ್ವಾ? 1190ರಲ್ಲಿ ಅದು ಇರಲಿಲ್ಲ. ಆಗ ದಿಬ್ಬದ ಮೇಲಿದ್ದದ್ದು ಮರದ ಕೋಟೆ. ಅದು ಆ ಗಲಾಟೆಯಲ್ಲೇ ಸುಟ್ಟುಹೋಯಿತು. ಕಲ್ಲಿನದ್ದನ್ನು ಮುಂದಿನ ಶತಮಾನದ ನಡುವಿನಲ್ಲಿ ಮೂರನೇ ಹೆನ್ರಿ ಕಟ್ಟಿಸಿದ. ದಿಬ್ಬ ಮಾತ್ರ ಅದೇ. ಮಾರ್ಚ್ ಕೊನೆಗೆ ಹೋಗಿದ್ದರೆ ದಿಬ್ಬದ ಮೈತುಂಬ ಹಳದಿ ಡ್ಯಾಫೊಡಿಲ್ ಹೂ ನೋಡಿರುತ್ತೀರಿ. ಆ ಹೂವಿಗೆ ಆರು ಎಸಳು, ಯಹೂದಿಗಳ ನಕ್ಷತ್ರಕ್ಕೆ ಆರು ಮೂಲೆ. ಸತ್ತವರ ನೆನಪಿಗೆಂದೇ ನೆಟ್ಟದ್ದು.

ಅವತ್ತು ನಡೆದದ್ದು ಇಷ್ಟು. ಒಂದನೇ ರಿಚರ್ಡ್ ಹೊಸದಾಗಿ ಪಟ್ಟಕ್ಕೆ ಬಂದಿದ್ದ. ಜೆರುಸಲೇಮಿನ ಧರ್ಮಯುದ್ಧಕ್ಕೆಂದು ದೇಶ ಬಿಟ್ಟು ಹೊರಟಿದ್ದ. ಎಲ್ಲೆಲ್ಲೂ ಧರ್ಮದ ಕಾವು. 1189ರ ಸೆಪ್ಟೆಂಬರಿನಲ್ಲಿ ಅವನ ಪಟ್ಟಾಭಿಷೇಕದ ದಿನವೇ ಲಂಡನ್‌ನಲ್ಲಿ ಯಹೂದಿಗಳ ಮೇಲೆ ದಾಳಿ ಆಗಿತ್ತು. ಅದು ಊರಿಂದ ಊರಿಗೆ ಹಬ್ಬಿ ಮಾರ್ಚ್‌ನಲ್ಲಿ ಯಾರ್ಕ್‌ಗೆ ಬಂತು. ಅಲ್ಲಿನ ಯಹೂದಿಗಳು ಜೀವ ಉಳಿದರೆ ಸಾಕೆಂದು ರಾಜನ ಕೋಟೆಯೊಳಗೆ ಸೇರಿಕೊಂಡರು. ಹೊರಗೆ ಗುಂಪು ಮುತ್ತಿಗೆ ಹಾಕಿತು. ಮಾರ್ಚ್ 16ರ ರಾತ್ರಿ, ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದಾಗ, ಗಂಡಸರು ತಮ್ಮ ಹೆಂಡತಿ ಮಕ್ಕಳನ್ನು ಕೊಂದು ತಾವೂ ಸತ್ತರು. ಉಳಿದ ಕೆಲವರಿಗೆ ಹೊರಗಿನವರು "ಕ್ರೈಸ್ತರಾದರೆ ಬಿಡುತ್ತೇವೆ" ಎಂದು ಮಾತು ಕೊಟ್ಟರು. ನಂಬಿ ಹೊರಬಂದವರನ್ನು ಅಲ್ಲೇ ಕಡಿದುಹಾಕಿದರು. ಒಟ್ಟು ಸುಮಾರು 150 ಜನ.

ಇಲ್ಲಿಗೆ ನಿಲ್ಲಿಸಿದರೆ ಇದು ಧರ್ಮದ್ವೇಷದ ಕಥೆ. ಆದರೆ ಗುಂಪು ಕೋಟೆಯಿಂದ ಮನೆಗೆ ಹೋಗಲಿಲ್ಲ. ನೇರವಾಗಿ ಊರಿನ ದೊಡ್ಡ ಚರ್ಚು ಯಾರ್ಕ್ ಮಿನ್‌ಸ್ಟರ್‌ಗೆ ಹೋಯಿತು. ಯಹೂದಿಗಳು ಸಾಲಪತ್ರಗಳನ್ನು ಭದ್ರವಾಗಿರಲಿ ಎಂದು ಅಲ್ಲಿ ಇಡುತ್ತಿದ್ದರು. ಕಾವಲುಗಾರರನ್ನು ಬೆದರಿಸಿ ಪತ್ರಗಳನ್ನೆಲ್ಲ ಹೊರಗೆ ತರಿಸಿ, ಚರ್ಚಿನ ಒಳಗೇ ರಾಶಿ ಹಾಕಿ ಸುಟ್ಟರು. ಮುಂದೆ ನಿಂತವರಲ್ಲಿ ರಿಚರ್ಡ್ ಮಾಲೆಬಿಸ್ಸೆ ಎಂಬ ಜಮೀನುದಾರನಿದ್ದ. ಯಹೂದಿಗಳಿಗೆ ಅವನದೇ ಸಾಲ ಬಾಕಿ ಇತ್ತು. ನಮ್ಮ ಕಡೆ ಸಾಲ ತೀರಿದ ಮೇಲೆ ಪತ್ರ ಹರಿದು ಕೈಗೆ ಕೊಡುತ್ತಾರೆ. ಇಲ್ಲಿ ಸಾಲಗಾರರು ಕೊಟ್ಟವನನ್ನೇ ಮುಗಿಸಿ ಪತ್ರವನ್ನೂ ಸುಟ್ಟರು. ಬಡ್ಡಿ ತಾಳಲಾರದ ಬಡವರು ರೊಚ್ಚಿಗೆದ್ದದ್ದು ಎಂಬ ಚಿತ್ರಕ್ಕೆ ಇವರು ಹೊಂದುವುದಿಲ್ಲ. ಇವರು ಕುದುರೆ, ಕತ್ತಿ, ಎಸ್ಟೇಟು ಇದ್ದವರು.

ರಾಜನಿಗೆ ಸಿಟ್ಟು ಬಂತು. ಜನ ಸತ್ತರೆಂದು ಎಷ್ಟು ಬಂತೋ, ಪತ್ರ ಸುಟ್ಟುಹೋದದ್ದಕ್ಕೆ ಅದಕ್ಕಿಂತ ಜಾಸ್ತಿ ಬಂದಿತ್ತು ಎಂದು ನನ್ನ ಅಂದಾಜು. ಯಾಕೆಂದರೆ ಅವು ಒಂದು ಲೆಕ್ಕದಲ್ಲಿ ಅವನದೇ ಪತ್ರಗಳು.

ಹೇಗೆ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಇಂಗ್ಲೆಂಡಿಗೆ ಯಹೂದಿಗಳು ನೆಲೆಸಲು ಬಂದದ್ದು 1066ರಲ್ಲಿ ನಾರ್ಮನ್ ರಾಜ ವಿಲಿಯಂ ದೇಶ ಗೆದ್ದ ಮೇಲೆ, ಫ್ರಾನ್ಸಿನ ರೂಆನ್ ಕಡೆಯಿಂದ. ರಾಜನೇ ಕರೆಸಿಕೊಂಡ, ರಾಜನೇ ರಕ್ಷಣೆ ಕೊಟ್ಟ. ಬದಲಿಗೆ ಅವರೂ ಅವರ ಆಸ್ತಿಯೂ ರಾಜನ ಸ್ವತ್ತು ಎಂಬ ಕಾನೂನು ಬಂತು. ಬೇರೆ ಸ್ವತಂತ್ರ ಪ್ರಜೆಗಳಿಗೆ ಈ ಪಾಡಿರಲಿಲ್ಲ.

ಕಸುಬಿನ ವಿಷಯ. ಜಮೀನು ಹಿಡಿಯಬೇಕೆಂದರೆ ಕ್ರೈಸ್ತ ಪದ್ಧತಿಯಲ್ಲಿ ಒಡೆಯನಿಗೆ ಆಣೆ ಮಾಡಬೇಕಿತ್ತು. ಊರಿನ ಕುಶಲಕರ್ಮಿಗಳ ಸಂಘಕ್ಕೆ ಸೇರಲೂ ಅದೇ ತೊಡಕು. ಇನ್ನೊಂದು ಕಡೆ ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದು ಪಾಪ ಎಂದು ಚರ್ಚು ಹೇಳುತ್ತಿತ್ತು. 1179ರ ಮೂರನೇ ಲ್ಯಾಟರನ್ ಸಭೆ, ಬಡ್ಡಿ ವ್ಯವಹಾರದವರಿಗೆ ಕ್ರೈಸ್ತ ವಿಧಿಯಂತೆ ಮಣ್ಣೂ ಮಾಡಬಾರದು ಎಂದಿತು. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ನಿನ್ನ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ, ಪರಕೀಯನಿಂದ ತೆಗೆದುಕೊಳ್ಳಬಹುದು ಎಂಬ ಮಾತಿದೆ. ಕ್ರೈಸ್ತನಿಗೆ ಯಹೂದಿ ಪರಕೀಯ, ಯಹೂದಿಗೆ ಕ್ರೈಸ್ತ ಪರಕೀಯ. ಹೀಗೆ ಒಂದು ಕಿಂಡಿ ತೆರೆದುಕೊಂಡಿತು. ಆದರೂ ಎಲ್ಲಾ ಯಹೂದಿಗಳೂ ಸಾಲ ಕೊಡುವವರಲ್ಲ. ವೈದ್ಯರಿದ್ದರು, ಅಕ್ಕಸಾಲಿಗರಿದ್ದರು, ಪಾಠ ಹೇಳುವವರಿದ್ದರು, ಬರೀ ಆಳುಗಳಾಗಿದ್ದವರೂ ಇದ್ದರು. ದೊಡ್ಡ ಮೊತ್ತದ ಸಾಲವೆಲ್ಲ ಬೆರಳೆಣಿಕೆಯ ಮನೆತನಗಳ ಕೈಯಲ್ಲಿತ್ತು. ಉಳಿದವರು ಆ ಕೆಟ್ಟ ಹೆಸರನ್ನು ಮಾತ್ರ ಹಂಚಿಕೊಂಡರು.

ಬಡ್ಡಿ ಎಷ್ಟಿತ್ತು? ನಿಮ್ಮ ಅಪ್ಪನಿಗೆ ಖಂಡಿತ ಈ ಲೆಕ್ಕ ಬೇಕು. ಮಾಮೂಲಿ ದರ ಪೌಂಡಿಗೆ ವಾರಕ್ಕೆ 2 ಪೆನ್ನಿ. ಆಗ ಒಂದು ಪೌಂಡಿಗೆ 240 ಪೆನ್ನಿ. ವರ್ಷಕ್ಕೆ 104 ಪೆನ್ನಿ ಬಡ್ಡಿ, ಅಂದರೆ ಶೇಕಡ 43ಕ್ಕೆ ಸ್ವಲ್ಪ ಮೇಲೆ. ನಮ್ಮ ಕಡೆ ಮಾತಿನಲ್ಲಿ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಕಮ್ಮಿ ಏನಲ್ಲ. ಆದರೆ ಕೈಸಾಲ ತೆಗೆದ ರೈತರಿಗೂ ಸಣ್ಣ ಅಂಗಡಿಯವರಿಗೂ ಇದು ಕೇಳರಿಯದ ದರವೂ ಅಲ್ಲ. ದಿನದ ಲೆಕ್ಕದ ಮೀಟರ್ ಬಡ್ಡಿಗೆ ಹೋಲಿಸಿದರೆ ಏನೇನೂ ಅಲ್ಲ. ಯಾಕೆ ಅಷ್ಟು ಅಂದರೆ, ಕೊಟ್ಟ ದುಡ್ಡು ವಾಪಸ್ ಬರುತ್ತದೆ ಎಂಬ ಖಾತ್ರಿಯೇ ಇರಲಿಲ್ಲ. ರಾಜನಿಗೆ ಬೇಕಾದವನು ಸಾಲಗಾರನಾಗಿದ್ದರೆ ಒಂದು ಆಜ್ಞೆಯಲ್ಲಿ ಬಡ್ಡಿ ಮನ್ನಾ. ಬಂದ ದುಡ್ಡನ್ನು ಯಾವತ್ತು ರಾಜ ತೆರಿಗೆ ಎಂದು ಕಿತ್ತುಕೊಳ್ಳುತ್ತಾನೋ ಅದೂ ಗೊತ್ತಿಲ್ಲ.

ಲಿಂಕನ್ ಊರಿನ ಆರನ್ ಎಂಬಾತನ ಉದಾಹರಣೆ ನೋಡಿ. ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಸಾಹುಕಾರರಲ್ಲಿ ಒಬ್ಬ. ಅವನಿಂದ ಸಾಲ ತೆಗೆದವರಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಗಳೇ ಹಲವು ಇದ್ದವು. ಸಿಸ್ಟರ್ಷಿಯನ್ ಪಂಥದ ಒಂಬತ್ತು ಮಠಗಳು ಅವನ ಸಾಲದಲ್ಲಿದ್ದವು. ಬಡ್ಡಿ ಪಾಪ ಎಂದು ಬೋಧಿಸುವವರೇ ಬಡ್ಡಿ ಕಟ್ಟಿ ಮಠ ಕಟ್ಟಿಸುತ್ತಿದ್ದರು! ಆರನ್ 1186ರಲ್ಲಿ ತೀರಿಕೊಂಡ. ಎರಡನೇ ಹೆನ್ರಿ ಅವನ ಆಸ್ತಿಯನ್ನು ಪೂರ್ತಿ ತನ್ನದು ಮಾಡಿಕೊಂಡ. ಚಿನ್ನ ಬೆಳ್ಳಿಯನ್ನು ಫ್ರಾನ್ಸಿನ ಯುದ್ಧಕ್ಕೆ ಸಾಗಿಸುವಾಗ ಹಡಗು ಮುಳುಗಿತು, ಅದು ಬೇರೆ ಕಥೆ. ಸಾಲಪತ್ರಗಳು ಉಳಿದವು. ಸುಮಾರು 430 ಜನರಿಂದ ಸುಮಾರು 15,000 ಪೌಂಡ್ ಬರಬೇಕಿತ್ತು. ಅದನ್ನು ವಸೂಲು ಮಾಡಲು ಖಜಾನೆಯಲ್ಲಿ ಪ್ರತ್ಯೇಕ ಇಲಾಖೆಯನ್ನೇ ತೆರೆದರು. ಹೆಸರು "ಆರನ್ ಖಜಾನೆ". ಸತ್ತವನ ಹೆಸರಿನಲ್ಲಿ ಸರ್ಕಾರ ವರ್ಷಗಟ್ಟಲೆ ಸಾಲ ವಸೂಲಿ ಮಾಡಿತು. ಯಹೂದಿಗೆ ಕೊಟ್ಟರೂ ಬಾಕಿ ಇಟ್ಟರೂ ಕೊನೆಗೆ ದುಡ್ಡು ಹೋಗುವುದು ಅರಮನೆಗೇ ಎಂದು ಆಗಲೇ ಎಲ್ಲರಿಗೂ ತಿಳಿದಿರಬೇಕು.

ಯಾರ್ಕ್‌ನಲ್ಲಿ ಪತ್ರ ಸುಟ್ಟ ಮೇಲೆ ರಾಜನ ಕಡೆಯವರು ಪಾಠ ಕಲಿತರು. 1194ರಲ್ಲಿ ಒಂದು ಹೊಸ ವ್ಯವಸ್ಥೆ ಬಂತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಕುತೂಹಲದ ವಸ್ತು ಇದೇ. ಯಹೂದಿಗಳಿದ್ದ ಮುಖ್ಯ ಊರುಗಳಲ್ಲಿ ಸಾಲಪತ್ರಕ್ಕೆಂದೇ ಒಂದು ಪೆಟ್ಟಿಗೆ ಇಟ್ಟರು. ಅದನ್ನು ಆರ್ಕ ಎನ್ನುತ್ತಿದ್ದರು. ಅದಕ್ಕೆ ಮೂರು ಬೀಗ, ಮೂರು ಬೀಗದಕೈ. ಒಂದು ಊರಿನ ಇಬ್ಬರು ಕ್ರೈಸ್ತರ ಹತ್ತಿರ, ಇನ್ನೊಂದು ಇಬ್ಬರು ಯಹೂದಿಗಳ ಹತ್ತಿರ, ಮೂರನೆಯದು ರಾಜನ ಗುಮಾಸ್ತನ ಹತ್ತಿರ. ಮೂವರೂ ಬರದೆ ಪೆಟ್ಟಿಗೆ ತೆಗೆಯುವ ಹಾಗಿಲ್ಲ. ನಮ್ಮ ಬ್ಯಾಂಕ್ ಲಾಕರ್‌ಗೂ ಎರಡೇ ಕೀ!

ಪತ್ರ ಬರೆಯುವ ರೀತಿಯೂ ಚೆಂದ. ಒಂದೇ ತೊಗಲಿನ ಹಾಳೆಯ ಮೇಲೆ ಅದೇ ಒಕ್ಕಣೆಯನ್ನು ಎರಡು ಸಲ ಬರೆಯುತ್ತಿದ್ದರು. ನಡುವೆ ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಪದ. ಆಮೇಲೆ ಆ ಅಕ್ಷರಗಳ ಮಧ್ಯದಲ್ಲೇ ಸೊಟ್ಟಗೆ, ಅಲೆಅಲೆಯಾಗಿ ಕತ್ತರಿಸುತ್ತಿದ್ದರು. ಒಂದು ತುಂಡು ಸಾಲ ಕೊಟ್ಟವನಿಗೆ, ಅದರ ಮೇಲೆ ಸಾಲಗಾರನ ಮುದ್ರೆ. ಇನ್ನೊಂದು ಪೆಟ್ಟಿಗೆಗೆ. ನಾಳೆ ಜಗಳ ಬಂದರೆ ಎರಡು ತುಂಡು ಜೋಡಿಸಿ ನೋಡುವುದು. ಅಂಚು ಕೂಡಿದರೆ, ಅರ್ಧರ್ಧ ಅಕ್ಷರ ಸೇರಿ ಪೂರ್ತಿ ಆದರೆ ಪತ್ರ ಅಸಲಿ. ಖೋಟಾ ಮಾಡಲು ಬಹಳ ಕಷ್ಟ.

ಇದು ಸಾಲ ಕೊಟ್ಟವರಿಗೂ ಅನುಕೂಲ, ನಿಜ. ಆದರೆ ಹೆಚ್ಚು ಅನುಕೂಲ ಯಾರಿಗೆ? ಯಾವ ಯಹೂದಿಗೆ ಯಾರಿಂದ ಎಷ್ಟು ಬರಬೇಕು ಎಂಬ ಪೂರ್ತಿ ಲೆಕ್ಕ ಈಗ ರಾಜನ ಬೆರಳ ತುದಿಯಲ್ಲಿ. ತೆರಿಗೆ ಹಾಕುವಾಗ ಮೊದಲು ಪೆಟ್ಟಿಗೆಗಳನ್ನು ಮುಚ್ಚಿಸಿ ಲೆಕ್ಕ ತರಿಸುತ್ತಿದ್ದರು. ಈ ತೆರಿಗೆಯ ಹೆಸರು ಟ್ಯಾಲೇಜ್. ಯಾರನ್ನೂ ಕೇಳಬೇಕಿಲ್ಲ, ಸಭೆಯ ಒಪ್ಪಿಗೆ ಬೇಕಿಲ್ಲ, ರಾಜ ಮೊತ್ತ ಹೇಳಿದರೆ ಮುಗಿಯಿತು. 1210ರಲ್ಲಿ ಜಾನ್ ರಾಜ 66,000 ಮಾರ್ಕ್ ಕೇಳಿದ ಎನ್ನುತ್ತಾರೆ. ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಬ್ರಿಸ್ಟಲ್‌ನ ಒಬ್ಬ ಯಹೂದಿ ತನ್ನ ಪಾಲು ಕಟ್ಟುವುದಿಲ್ಲ ಎಂದಾಗ ದಿನಕ್ಕೊಂದು ಹಲ್ಲು ಕೀಳಿಸಿದರಂತೆ. ಏಳು ಹಲ್ಲು ಹೋದ ಮೇಲೆ ಎಂಟನೇ ದಿನ ಅವನು 10,000 ಮಾರ್ಕ್ ಕಟ್ಟಲು ಒಪ್ಪಿದನಂತೆ. ಆ ಕಾಲದ ಒಬ್ಬ ಸನ್ಯಾಸಿ ಚರಿತ್ರೆಕಾರ ಬರೆದ ಮಾತು, ಸ್ವಲ್ಪ ಉಪ್ಪು ಖಾರ ಸೇರಿದ್ದರೂ ಸೇರಿರಬಹುದು.

ನಾವು ಸ್ಕೂಲಿನಲ್ಲಿ ಓದುವಾಗ 1215ರ ಮ್ಯಾಗ್ನಾ ಕಾರ್ಟಾ ಅಂದರೆ ಜನರ ಹಕ್ಕಿನ ಪತ್ರ ಎಂದು ಹೇಳಿಕೊಟ್ಟಿದ್ದರು. ಅದರ 10ನೇ ಮತ್ತು 11ನೇ ಕಲಮುಗಳು ಯಹೂದಿಗಳ ಸಾಲದ ಬಗ್ಗೆಯೇ ಇವೆ. ಸಾಲಗಾರ ಸತ್ತರೆ ವಾರಸುದಾರ ದೊಡ್ಡವನಾಗುವ ತನಕ ಬಡ್ಡಿ ಏರಬಾರದು ಎನ್ನುತ್ತದೆ 10ನೇ ಕಲಮು. ಮುಂದಿನ ವಾಕ್ಯ ಗಮನಿಸಿ: ಆ ಸಾಲ ರಾಜನ ಕೈಗೆ ಬಂದರೆ ರಾಜ ಅಸಲನ್ನು ಮಾತ್ರ ತೆಗೆದುಕೊಳ್ಳಬೇಕು. ಸಾಲ ರಾಜನ ಕೈಗೆ ಬರುವುದು ಆಗ ಎಷ್ಟು ಮಾಮೂಲು ಆಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಜಾನ್ ರಾಜನ ಮಗ ಮೂರನೇ ಹೆನ್ರಿ ಅಪ್ಪನನ್ನೂ ಮೀರಿಸಿದ. 1244ರಲ್ಲಿ 60,000 ಮಾರ್ಕ್ ಟ್ಯಾಲೇಜ್ ಹಾಕಿದ. ಅದೇ ವರ್ಷ ಆಕ್ಸ್‌ಫರ್ಡ್‌ನ ಡೇವಿಡ್ ಎಂಬ ಸಾಹುಕಾರ ತೀರಿಕೊಂಡಾಗ ಅವನ ವಿಧವೆ ಲಿಕೊರಿಸಿಯಾಳನ್ನು ಲಂಡನ್ ಟವರ್‌ನಲ್ಲಿ ಕೂಡಿಹಾಕಿ ಆಸ್ತಿಯ ಲೆಕ್ಕ ತೆಗೆಸಿದ. ಅವಳಿಂದ 5,000 ಮಾರ್ಕ್ ವಸೂಲಾಯಿತು. ಅದರ ದೊಡ್ಡ ಪಾಲು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಂತ ಎಡ್ವರ್ಡ್‌ನ ಸಮಾಧಿ ಮಂಟಪಕ್ಕೆ ಹೋಯಿತು. ಅದನ್ನು ನೀವು ಈಗಲೂ ನೋಡಬಹುದು. 1254ರ ಹೊತ್ತಿಗೆ ಯಹೂದಿ ಹಿರಿಯರು "ನಮ್ಮ ಹತ್ತಿರ ಇನ್ನೇನೂ ಉಳಿದಿಲ್ಲ, ದೇಶ ಬಿಟ್ಟು ಹೋಗಲು ಬಿಡಿ" ಎಂದು ಕೇಳಿಕೊಂಡರು. ಬಿಡಲಿಲ್ಲ. ಮರುವರ್ಷ ರಾಜ ದೇಶದ ಅಷ್ಟೂ ಯಹೂದಿಗಳನ್ನು ತನ್ನ ತಮ್ಮ ರಿಚರ್ಡ್‌ಗೆ 5,000 ಮಾರ್ಕ್‌ಗೆ ಅಡ ಇಟ್ಟ! ಒಡವೆ ಅಡ ಇಡುವುದು ಕೇಳಿದ್ದೇವೆ, ಹೊಲ ಅಡ ಇಡುವುದು ಕೇಳಿದ್ದೇವೆ. ಅಣ್ಣ ಚರ್ಮ ಸುಲಿದವರ ಕರುಳನ್ನು ತಮ್ಮ ಬಗೆಯಲಿ ಎಂದು ಕೊಟ್ಟ ಎಂಬ ಅರ್ಥದಲ್ಲಿ ಆಗಿನ ಚರಿತ್ರೆಕಾರನೇ ಬರೆದಿದ್ದಾನೆ. ಅವನೇನು ಯಹೂದಿಗಳ ಪರ ಇದ್ದವನಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಜನರಿಗೆ ಸಿಟ್ಟು ಇದ್ದದ್ದು ಸುಳ್ಳಲ್ಲ. ಆದರೆ ಅದು ಬಂದ ದಾರಿ ನೋಡಿ. ರಾಜ ಟ್ಯಾಲೇಜ್ ಹಾಕುತ್ತಾನೆ. ಯಹೂದಿಯ ಕೈಯಲ್ಲಿ ನಗದು ಇಲ್ಲ, ಇರುವುದು ಬರಬೇಕಾದ ಸಾಲದ ಪತ್ರ. ಗಡುವಿನೊಳಗೆ ಕಟ್ಟಬೇಕು. ಪತ್ರವನ್ನೇ ಅರ್ಧ ಬೆಲೆಗೋ ಕಾಲು ಬೆಲೆಗೋ ಮಾರುತ್ತಾನೆ. ಕೊಳ್ಳುವವರು ಯಾರು? ಅರಮನೆಯ ಸುತ್ತ ಇರುವ ದೊಡ್ಡವರು. ಅವರಿಗೆ ಬಡ್ಡಿ ಬೇಡ, ಅಡವಿಗಿಟ್ಟ ಜಮೀನು ಬೇಕು. ಹಳ್ಳಿಯ ಸಣ್ಣ ನೈಟ್ ಒಬ್ಬ, ಅಂದರೆ ಯುದ್ಧಸೇವೆ ಮಾಡುವ ಚಿಕ್ಕ ಜಮೀನುದಾರ, ಯಾವುದೋ ಕಷ್ಟಕ್ಕೆ ಯಹೂದಿಯ ಹತ್ತಿರ ಸಾಲ ತೆಗೆದಿರುತ್ತಾನೆ. ಒಂದು ದಿನ ಬೆಳಗ್ಗೆ ನೋಡಿದರೆ ಅವನ ಪತ್ರ ಪಕ್ಕದ ದೊಡ್ಡ ಜಮೀನುದಾರನ ಕೈಯಲ್ಲಿ! ಮೂರನೇ ಹೆನ್ರಿಯ ಮಗ ಒಂದನೇ ಎಡ್ವರ್ಡ್ ರಾಜನ ರಾಣಿ ಎಲಿನರ್ ಆಫ್ ಕ್ಯಾಸ್ಟೀಲ್ ಹೀಗೆ ಪತ್ರ ಕೊಂಡು ಎಸ್ಟೇಟಿನ ಮೇಲೆ ಎಸ್ಟೇಟು ಮಾಡಿಕೊಂಡಳು. ಊರಲ್ಲೆಲ್ಲ ಕೆಟ್ಟ ಮಾತು ಕೇಳಿಬರುತ್ತಿದೆ ಎಂದು ಆರ್ಚ್‌ಬಿಷಪ್ ಪೆಚಮ್ ಅವಳ ಕಡೆಗೆ ಎಚ್ಚರಿಕೆಯ ಪತ್ರವನ್ನೇ ಬರೆದ. ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜು ಕಟ್ಟಿದ ವಾಲ್ಟರ್ ಕೂಡ ಕಾಲೇಜಿಗೆ ಕೊಟ್ಟ ಕೆಲವು ಜಮೀನು ಹಿಡಿದದ್ದು ಇದೇ ದಾರಿಯಲ್ಲಿ.

ಜಮೀನು ಕಳೆದುಕೊಂಡ ನೈಟ್ ಯಾರನ್ನು ಬೈಯಬೇಕು? ರಾಣಿಯನ್ನು ಬೈದರೆ ತಲೆ ಉಳಿಯುವುದಿಲ್ಲ. ಯಹೂದಿಯನ್ನು ಬೈದರೆ ಪಾದ್ರಿಯೂ ಹೌದೆನ್ನುತ್ತಾನೆ, ನೆರೆಮನೆಯವನೂ ಹೌದೆನ್ನುತ್ತಾನೆ. ಯಹೂದಿಗಳು ಕ್ರೈಸ್ತ ಮಕ್ಕಳನ್ನು ಬಲಿ ಕೊಡುತ್ತಾರೆ ಎಂಬ ಹಸಿ ಸುಳ್ಳು ಬೇರೆ ಹಬ್ಬಿತ್ತು. ಆ ಸುಳ್ಳಿನ ಮೇಲೆ 1255ರಲ್ಲಿ ಲಿಂಕನ್ ಪ್ರಕರಣದಲ್ಲಿ 19 ಜನರನ್ನು ಗಲ್ಲಿಗೇರಿಸಿದ್ದರು. ಸಿಮೊನ್ ಡಿ ಮಾಂಟ್‌ಫರ್ಟ್ ಎಂಬ ದೊಡ್ಡ ಜಮೀನುದಾರ ಮೂರನೇ ಹೆನ್ರಿಯ ವಿರುದ್ಧ ದಂಗೆ ಎದ್ದಾಗ ಅವನ ಕಡೆಯವರು ಊರೂರಲ್ಲಿ ಮೊದಲು ಹುಡುಕಿದ್ದೇ ಆ ಮೂರು ಬೀಗದ ಪೆಟ್ಟಿಗೆಯನ್ನು. ಯಾರ್ಕ್‌ನ ಬೆಂಕಿಯೇ ಮತ್ತೆ ಹತ್ತಿತು ಅನ್ನಿ.

ಒಂದನೇ ಎಡ್ವರ್ಡ್ 1272ರಲ್ಲಿ ಪಟ್ಟಕ್ಕೆ ಬರುವಾಗ ಯಹೂದಿಗಳೆಂಬ ಆಕಳು ಬತ್ತಿತ್ತು. ಅಪ್ಪ ಹಾಲಿನ ಜೊತೆ ರಕ್ತವನ್ನೂ ಹಿಂಡಿದ್ದ. 1275ರಲ್ಲಿ ಎಡ್ವರ್ಡ್ ಎರಡು ಕೆಲಸ ಮಾಡಿದ. ಒಂದು, ಯಹೂದಿಗಳು ಬಡ್ಡಿಗೆ ಸಾಲ ಕೊಡುವುದನ್ನೇ ನಿಷೇಧಿಸಿದ. ವ್ಯಾಪಾರ ಮಾಡಿ, ಕೂಲಿ ಮಾಡಿ, ಹೊಲ ಗುತ್ತಿಗೆಗೆ ಹಿಡಿಯಿರಿ ಎಂದ. ಕೇಳಲು ಚೆನ್ನಾಗಿದೆ. ಸಂಘಕ್ಕೆ ಸೇರಿಸಿಕೊಳ್ಳುವವರಿಲ್ಲ, ಏಳು ವರ್ಷ ದಾಟಿದವರೆಲ್ಲ ಎದೆಯ ಮೇಲೆ ಹಳದಿ ಬಟ್ಟೆಯ ಗುರುತು ಹಾಕಿಕೊಳ್ಳಬೇಕು, ಯಾವ ವ್ಯಾಪಾರ ನಡೆಯುತ್ತದೆ? ಎರಡು, ರಫ್ತಾಗುವ ಉಣ್ಣೆಯ ಮೇಲೆ ಸುಂಕ ಹಾಕಿದ. ಆ ಸುಂಕದ ವಸೂಲಿಯನ್ನು ಇಟಲಿಯ ಲೂಕಾ ಊರಿನ ರಿಕಾರ್ಡಿ ಎಂಬ ಬ್ಯಾಂಕರ್ ಕಂಪನಿಗೆ ಒಪ್ಪಿಸಿ ಅವರಿಂದ ಸಾಲ ಎತ್ತತೊಡಗಿದ. ಅಂದರೆ ಅವನಿಗೆ ಹೊಸ ಆಕಳು ಸಿಕ್ಕಿತ್ತು. ಈ ಎರಡನೇದನ್ನು ಬಿಟ್ಟು ಮೊದಲನೇದನ್ನು ಮಾತ್ರ ಹೇಳಿದರೆ ಕಥೆ ಅರ್ಧವಾಗುತ್ತದೆ.

1278ರ ಕೊನೆಗೆ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಾರೆ ಎಂಬ ಆರೋಪದ ಮೇಲೆ ದೇಶಾದ್ಯಂತ ಯಹೂದಿಗಳನ್ನು ಹಿಡಿದರು. ಸುಮಾರು 680 ಜನ ಲಂಡನ್ ಟವರ್‌ನಲ್ಲಿ. ಮರುವರ್ಷ ಸುಮಾರು 269 ಯಹೂದಿಗಳಿಗೆ ಗಲ್ಲು. ಅದೇ ತಪ್ಪಿಗೆ ಗಲ್ಲಿಗೆ ಹೋದ ಕ್ರೈಸ್ತರು 29. ಅಂಚು ಕತ್ತರಿಸುವ ಚಾಳಿ ಎರಡೂ ಕಡೆ ಇತ್ತು, ಹಗ್ಗ ಮಾತ್ರ ಒಂದೇ ಕಡೆಗೆ ಉದ್ದ.

1289ರಲ್ಲಿ ಎಡ್ವರ್ಡ್ ಫ್ರಾನ್ಸಿನಲ್ಲಿದ್ದ ತನ್ನ ಗ್ಯಾಸ್ಕನಿ ಪ್ರಾಂತದಿಂದ ತಲೆ ಮೇಲೆ ಸಾಲ ಹೊತ್ತು ವಾಪಸ್ ಬಂದ. ಗ್ಯಾಸ್ಕನಿಯಲ್ಲಿ ಆಗಲೇ ಯಹೂದಿಗಳನ್ನು ಹೊರಹಾಕಿ ಬಂದಿದ್ದ. ಈಗ ದೊಡ್ಡ ತೆರಿಗೆ ಬೇಕು. ಅದಕ್ಕೆ ಪಾರ್ಲಿಮೆಂಟ್ ಒಪ್ಪಬೇಕು. ಪ್ರತಿ ಜಿಲ್ಲೆಯಿಂದ ನೈಟ್‌ಗಳು 1290ರ ಜುಲೈ 15ಕ್ಕೆ ಬರಬೇಕೆಂದು ಕರೆ ಹೋಯಿತು. ಯಾವ ನೈಟ್‌ಗಳು? ಪತ್ರ ಕೈಬದಲಾಗಿ ಜಮೀನು ಕಳೆದುಕೊಂಡ ವರ್ಗದವರೇ. ಮೂರು ದಿನಕ್ಕೆ, ಜುಲೈ 18ರಂದು, ಯಹೂದಿಗಳೆಲ್ಲ ನವೆಂಬರ್ 1ರೊಳಗೆ ದೇಶ ಬಿಡಬೇಕು ಎಂಬ ಆಜ್ಞೆ ಹೊರಟಿತು. ಪಾರ್ಲಿಮೆಂಟ್ ಚರಾಸ್ತಿಯ ಹದಿನೈದರಲ್ಲಿ ಒಂದು ಪಾಲು ತೆರಿಗೆ ಒಪ್ಪಿತು. ಬಂದದ್ದು ಸುಮಾರು 1,16,000 ಪೌಂಡ್, ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದೇ ತೆರಿಗೆಯಿಂದ ಬಂದ ಅತಿ ದೊಡ್ಡ ಮೊತ್ತಗಳಲ್ಲಿ ಒಂದು. ಕೊಡು ಕೊಳ್ಳುವ ಮಾತು ಇಷ್ಟು ಬಿಚ್ಚಾಗಿ ನಡೆದದ್ದು ಇತಿಹಾಸದಲ್ಲಿ ಕಮ್ಮಿ. ಇನ್ನೊಂದು ಕಾಕತಾಳೀಯ: ಆ ಜುಲೈ 18 ಯಹೂದಿ ಪಂಚಾಂಗದಲ್ಲಿ ಆವ್ ತಿಂಗಳ ಒಂಬತ್ತನೇ ದಿನ. ಜೆರುಸಲೇಮಿನ ದೇವಾಲಯ ಬಿದ್ದದ್ದಕ್ಕೆ ಅವರು ಉಪವಾಸ ಮಾಡುವ ದಿನ.

ಹೊರಟವರು ಎರಡು ಮೂರು ಸಾವಿರ ಜನ ಅಷ್ಟೇ. ದಾರಿಯಲ್ಲಿ ಯಾರೂ ತೊಂದರೆ ಕೊಡಬಾರದು, ಬಡವರಿಂದ ಹಡಗಿನವರು ಕಮ್ಮಿ ದುಡ್ಡು ತಗೋಬೇಕು ಎಂದೂ ರಾಜ ಆಜ್ಞೆ ಮಾಡಿದ್ದ. ಆದರೂ ಥೇಮ್ಸ್ ನದಿ ಸಮುದ್ರ ಸೇರುವ ಕ್ವೀನ್‌ಬರೋ ಹತ್ತಿರ ಒಬ್ಬ ಹಡಗಿನ ಯಜಮಾನ ನೀರು ಇಳಿದಾಗ ಹಡಗು ನಿಲ್ಲಿಸಿದ. ಸ್ವಲ್ಪ ಕಾಲಾಡಿಸಿ ಬನ್ನಿ ಎಂದು ಎಲ್ಲರನ್ನೂ ಮರಳದಿಣ್ಣೆಗೆ ಇಳಿಸಿದ. ನೀರು ಏರತೊಡಗಿದಾಗ ಹಡಗು ಹತ್ತಿಸಿಕೊಳ್ಳಲಿಲ್ಲ. ಮೋಶೆಯನ್ನು ಕರೆಯಿರಿ, ಅವನು ಸಮುದ್ರ ಸೀಳಿ ದಾಟಿಸಿದ್ದನಲ್ಲ ಎಂದನಂತೆ. ಎಲ್ಲರೂ ಮುಳುಗಿದರು. ಅವನಿಗೆ ಶಿಕ್ಷೆ ಆಯಿತು.

ಬಿಟ್ಟುಹೋದ ಮನೆ ಮಠಗಳು ರಾಜನಿಗೆ. ಮಾರಿ ಸುಮಾರು 2,000 ಪೌಂಡ್ ಬಂತು. ಪೆಟ್ಟಿಗೆಗಳಲ್ಲಿ ಉಳಿದ ಸಾಲ ಸುಮಾರು 20,000 ಪೌಂಡ್. ಬಡ್ಡಿ ಪಾಪ ಅಲ್ವಾ, ಹಾಗಾಗಿ ಎಡ್ವರ್ಡ್ ಬಡ್ಡಿ ಬಿಟ್ಟು ಅಸಲು ತನಗೆ ಕೊಡಿ ಎಂದ.

ಈ 20,000ದ ಪಕ್ಕ ಇನ್ನೊಂದು ಸಂಖ್ಯೆ ಇಡುತ್ತೇನೆ. ಆಡಂ ಡಿ ಸ್ಟ್ರಾಟನ್ ಎಂಬ ಕ್ರೈಸ್ತ ಅಧಿಕಾರಿ ಖಜಾನೆಯಲ್ಲೇ ಕೆಲಸ ಮಾಡುತ್ತಿದ್ದ. ಯಹೂದಿಗಳ ಪತ್ರ ಕೊಂಡು ಜಮೀನು ಮಾಡಿಕೊಳ್ಳುವುದರಲ್ಲಿ ಪಳಗಿದ ಕೈ. ಸಾಲವನ್ನೂ ಕೊಡುತ್ತಿದ್ದ. ಭ್ರಷ್ಟಾಚಾರದ ವಿಚಾರಣೆಯಲ್ಲಿ ಸಿಕ್ಕಿಬಿದ್ದಾಗ ಅವನ ಮನೆಯಲ್ಲಿ 12,666 ಪೌಂಡ್ ನಗದು ಸಿಕ್ಕಿತು. ಇಡೀ ದೇಶದ ಯಹೂದಿಗಳಿಗೆ ಬರಬೇಕಾದ ಸಾಲದ ಅರ್ಧಕ್ಕಿಂತ ಜಾಸ್ತಿ, ಒಬ್ಬನೇ ಮನುಷ್ಯನ ಮನೆಯಲ್ಲಿ! ಅವನ ಕೆಲಸ ಹೋಯಿತು, ಆಸ್ತಿ ಮುಟ್ಟುಗೋಲಾಯಿತು. ಅವನ ಜಾತಿಯವರನ್ನು ಯಾರೂ ದೇಶದಿಂದ ಓಡಿಸಲಿಲ್ಲ.

ಆಮೇಲೆ ಸಾಲ ಯಾರು ಕೊಟ್ಟರು ಎನ್ನುವುದಕ್ಕೆ ಉತ್ತರ ಇಲ್ಲೇ ಅರ್ಧ ಸಿಕ್ಕಿತು. ಇಂಥ ಕ್ರೈಸ್ತ ಸಾಹುಕಾರರು, ಅವರ ಮೇಲೆ ಇಟಲಿಯವರು. ಬಡ್ಡಿ ಎಂಬ ಹೆಸರು ಹೋಯಿತು, ಬಡ್ಡಿ ಹೋಗಲಿಲ್ಲ. ಮುಂದಿನ ಹಲವು ವರ್ಷದ ಉಣ್ಣೆಗೆ ಈಗಲೇ ಮುಂಗಡ ಕೊಟ್ಟು ಕಮ್ಮಿ ರೇಟಿಗೆ ಬರೆಸಿಕೊಳ್ಳುವುದು ಒಂದು ಉಪಾಯ. ಮಲೆನಾಡಿನಲ್ಲಿ ಅಡಿಕೆ ಫಸಲಿಗೆ ಮುಂಚೆ ಮುಂಗಡ ತೆಗೆದವರಿಗೆ ಇದನ್ನು ವಿವರಿಸಬೇಕಿಲ್ಲ. ಗಡುವು ಮೀರಿದರೆ ನನಗಾದ ನಷ್ಟ ತುಂಬಿಕೊಡು ಎಂದು ಕೇಳುವುದು ಇನ್ನೊಂದು. ಆ ನಷ್ಟದ ಲೆಕ್ಕಕ್ಕೆ ಲ್ಯಾಟಿನ್‌ನಲ್ಲಿ ಇಂಟರೆಸ್ಸೆ ಎನ್ನುತ್ತಿದ್ದರು. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನ ಇಂಟರೆಸ್ಟ್ ಎಂಬ ಪದ ಅಲ್ಲಿಂದಲೇ ಬಂದದ್ದು. ಇಟಲಿಯವರ ಗತಿಯೂ ಬೇರೆಯಾಗಲಿಲ್ಲ. 1294ರಲ್ಲಿ ಫ್ರಾನ್ಸಿನ ಜೊತೆ ಯುದ್ಧ ಬಂದಾಗ ಎಡ್ವರ್ಡ್ ರಿಕಾರ್ಡಿಗಳ ಆಸ್ತಿಯನ್ನು ಜಪ್ತಿ ಮಾಡಿದ. ಅವನ ಮೊಮ್ಮಗ ಮೂರನೇ ಎಡ್ವರ್ಡ್ ಸಾಲ ತೀರಿಸದೆ ಕೈಯೆತ್ತಿದ್ದೂ ಸೇರಿ 1340ರ ದಶಕದಲ್ಲಿ ಫ್ಲಾರೆನ್ಸಿನ ಪೆರುಟ್ಸಿ, ಬಾರ್ಡಿ ಕಂಪನಿಗಳು ಮುಳುಗಿದವು.

ಫ್ರಾನ್ಸಿನ ರಾಜರು ಇದನ್ನೇ ಒಂದು ಆಟ ಮಾಡಿಕೊಂಡಿದ್ದರು. ಫಿಲಿಪ್ ಆಗಸ್ಟಸ್ ಯಹೂದಿಗಳಿಗೆ ಕೊಡಬೇಕಾದ ಸಾಲ ಮನ್ನಾ ಎಂದ, ಐದರಲ್ಲಿ ಒಂದು ಪಾಲು ತನಗೆ ಕಟ್ಟಿ ಎಂದ. 1182ರಲ್ಲಿ ಅವರನ್ನು ಓಡಿಸಿದ, 1198ರಲ್ಲಿ ವಾಪಸ್ ಕರೆದ. ನಾಲ್ಕನೇ ಫಿಲಿಪ್ 1306ರಲ್ಲಿ ಓಡಿಸಿದ. 1315ರಲ್ಲಿ ಅವನ ಮಗ ಹತ್ತನೇ ಲೂಯಿ ಹನ್ನೆರಡು ವರ್ಷದ ಮಟ್ಟಿಗೆ ವಾಪಸ್ ಕರೆದ. ಹಳೇ ಸಾಲ ವಸೂಲಿ ಮಾಡಿಕೊಳ್ಳಬಹುದು, ಆದರೆ ಮೂರರಲ್ಲಿ ಎರಡು ಪಾಲು ರಾಜನಿಗೆ. ಕಾಗದಕ್ಕೆ ರಾಜನೇ ಪಾಲುದಾರ ಎಂಬುದು ಇಲ್ಲಿ ಸಹಿ ಸಮೇತ ಇದೆ.

ಇಂಗ್ಲೆಂಡಿನಲ್ಲಿ ಯಹೂದಿಗಳು ಮತ್ತೆ ಬಹಿರಂಗವಾಗಿ ಬದುಕಲು 1656ರ ತನಕ, ಕ್ರಾಮ್‌ವೆಲ್ ಕಾಲದ ತನಕ ಕಾಯಬೇಕಾಯಿತು.

ಅಪ್ಪ ಅಮ್ಮ ಇನ್ನೂ ಅಲ್ಲೇ ಇದ್ದರೆ ಒಂದು ದಿನ ವಿಂಚೆಸ್ಟರ್‌ಗೆ ಕರೆದುಕೊಂಡು ಹೋಗಿ. ಲೀಡ್ಸ್‌ನಿಂದ ದೂರವೇ, ಆದರೂ ಹೋಗಿ. ಜ್ಯೂರಿ ಸ್ಟ್ರೀಟ್‌ನಲ್ಲಿ 2022ರಲ್ಲಿ ನಿಲ್ಲಿಸಿದ ಒಂದು ಕಂಚಿನ ಪ್ರತಿಮೆ ಇದೆ. ಅವಳೇ ಲಿಕೊರಿಸಿಯಾ, ಟವರ್‌ನಲ್ಲಿ ಕೂಡಿಹಾಕಿದ್ದರಲ್ಲ, ಆ ವಿಧವೆ. ಆಮೇಲೆ ಈ ಊರಲ್ಲಿ ಒಬ್ಬಳೇ ವ್ಯವಹಾರ ನಡೆಸಿದಳು, ರಾಜರಿಗೇ ಸಾಲ ಕೊಟ್ಟಳು. 1277ರಲ್ಲಿ ಅವಳ ಮನೆಯೊಳಗೇ ಅವಳನ್ನೂ ಅವಳ ಕ್ರೈಸ್ತ ಕೆಲಸದಾಕೆ ಆಲಿಸ್‌ಳನ್ನೂ ಯಾರೋ ಇರಿದು ಕೊಂದರು. ಕೊಲೆಗಾರ ಸಿಗಲಿಲ್ಲ. ಪ್ರತಿಮೆಯಲ್ಲಿ ಅವಳು ಒಬ್ಬ ಪುಟ್ಟ ಹುಡುಗನ ಕೈ ಹಿಡಿದಿದ್ದಾಳೆ. ಅವನು ಮಗ ಆಶೆರ್. 1287ರಲ್ಲಿ ಎಡ್ವರ್ಡ್ ಮತ್ತೊಂದು ತೆರಿಗೆಗಾಗಿ ದೇಶದ ಯಹೂದಿಗಳನ್ನೆಲ್ಲ ಜೈಲಿಗೆ ಹಾಕಿಸಿದಾಗ ವಿಂಚೆಸ್ಟರ್ ಕೋಟೆಯ ಗೋಡೆಯ ಮೇಲೆ ಒಬ್ಬ ಕೈದಿ ಹೀಬ್ರೂ ಅಕ್ಷರದಲ್ಲಿ ಗೀಚಿದ್ದ. ಈ ದ್ವೀಪದ ಯಹೂದಿಗಳನ್ನೆಲ್ಲ ಶುಕ್ರವಾರ ಸೆರೆಗೆ ಹಾಕಿದರು, ಇದನ್ನು ಬರೆದವನು ಆಶೆರ್ ಎಂಬ ನಾನು, ಎಂದು. ಅದು ಇದೇ ಹುಡುಗ ಎನ್ನುತ್ತಾರೆ.